ಕಿವಿಗೆ ಕುಲಾವಿ, ಮೂಗಿಗೆ ಹೊಗೆ

ಹಲಸೂರಿನ ಆ ಸಣ್ಣ ಕ್ಲಿನಿಕ್ಕಿನ ನರ್ಸಮ್ಮನಿಗೆ ಚಳಿಗಾಲ ಬಂತೆಂದರೆ ಸಿಟ್ಟು ನೆತ್ತಿಗೇರುತ್ತಿತ್ತು. ಮಂಕಿ ಕ್ಯಾಪಿನಲ್ಲಿ ಕಿವಿ ಮುಚ್ಚಿಕೊಂಡು ಕೆಮ್ಮುತ್ತ ಬಂದವರನ್ನೆಲ್ಲ ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದುದು ಒಂದೇ ಮಾತು: “ಕಿವಿಯಲ್ಲಿ ಉಸಿರಾಡ್ತೀರೇನ್ರೀ?”

ಡಿಸೆಂಬರಿನ ಒಂದು ಬೆಳಿಗ್ಗೆ, ಏದುಸಿರು ಬಿಡುತ್ತಿದ್ದ ನನ್ನ ಎಂಟು ತಿಂಗಳ ಮಗಳನ್ನು ಎತ್ತಿಕೊಂಡು ಅಲ್ಲಿಗೆ ಓಡಿದೆ. ಕುಲಾವಿ, ಎರಡು ಸ್ವೆಟರು, ಮೇಲೊಂದು ಶಾಲು. ನರ್ಸಮ್ಮ ಎಲ್ಲವನ್ನೂ ಬಿಚ್ಚಿ, ಪುಟ್ಟ ಮುಖಕ್ಕೆ ನೆಬ್ಯುಲೈಸರಿನ ಮಾಸ್ಕ್ ಹಿಡಿದರು. ಆಮೇಲೆ ಇನ್ನೊಂದು ಕೈಯಲ್ಲಿ ಕುಲಾವಿ ಎತ್ತಿ ಮೂಸಿದರು.

“ಸಾಂಬ್ರಾಣಿನಾ?”

“ಸ್ನಾನ ಆದ್ಮೇಲೆ ದಿನಾ ಹಾಕ್ತೀವಿ ಸಿಸ್ಟರ್. ತಣ್ಣನೆ ಗಾಳಿ ಬರ್ಬಾರ್ದು ಅಂತ ಕಿಟಕಿ ಮುಚ್ಚಿರ್ತೀವಿ.”

“ಮುಚ್ಚಿದ ರೂಮಲ್ಲಿ ಹೊಗೆ! ಹೋದ್ಸಲಾನೇ ಬೇಡ ಅಂದಿರ್ಲಿಲ್ವಾ?”

“ನಮ್ಮತ್ತೆ ಕೇಳಲ್ಲ...”

“ಅತ್ತೆ ಎದುರು ನಿಮಗೆ ಬಾಯಿಲ್ಲ. ಅದಕ್ಕೇ ಈ ಮಗೂಗೆ ಉಸಿರಿಲ್ಲ.”

ಗದರುವಾಗ ಧ್ವನಿ ನಡುಗಿತು. ಮಾಸ್ಕ್ ಹಿಡಿದ ಕೈ ಮಾತ್ರ ಒಂದಿಷ್ಟೂ ಅಲುಗಲಿಲ್ಲ.

ಎರಡು ದಿನ ಬಿಟ್ಟು ಅತ್ತೆ ಮತ್ತೆ ಸಾಂಬ್ರಾಣಿ ಕೆಂಡ ತಂದರು. ಅದರ ಮೇಲೆ ಒಂದು ಚೊಂಬು ನೀರು ಸುರಿದು, ಕಿಟಕಿ ತೆರೆದೆ. ಅತ್ತೆ ಬೀದಿಗೆಲ್ಲ ಕೇಳುವಂತೆ ಕೂಗಾಡಿದರು.

ಕೂಗಾಡಲಿ. ಅವರಿಗೆ ಉಸಿರಿದೆ.