ಕಾಗೆ ನಡೆಸಿದ ಚಿತ್ರದಂಗಡಿ

ಬೋರ್ಡು ಬರೆಯುವುದು, ಕಸೂತಿ ಹಾಕುವುದು, ಗೊಂಬೆ ಮಾಡುವುದು, ಹೀಗೆ ಏನಾದರೊಂದು ಕೈಗೆಲಸ ಕಲಿತು ಸ್ವಂತ ಅಂಗಡಿ ಇಡಬೇಕೆನ್ನುವವರು ಈಗಲೂ ಆಗಾಗ ನನ್ನ ಬಳಿ ಸಲಹೆ ಕೇಳಲು ಬರುತ್ತಾರೆ. ಚನ್ನಗಿರಿಯ ಪೇಟೆಯಲ್ಲಿ ಬರೀ ಚಿತ್ರ ಬರೆದು ಸಂಸಾರ ಸಾಕಿದವನಿಗೆ ಏನೋ ಗುಟ್ಟು ಗೊತ್ತಿರಲೇಬೇಕೆಂದು ಅವರ ನಂಬಿಕೆ. ನಾನೂ ಗಂಟಲು ಸರಿಮಾಡಿಕೊಂಡು ಗತ್ತಿನಿಂದ ಶುರು ಮಾಡುತ್ತೇನೆ. ಹೇಳಿದ ದಿನಕ್ಕೆ ಕೆಲಸ ಮುಗಿಸಿಕೊಡಿ. ನೆಂಟರ ಕೆಲಸ ಹಿಡಿಯಬೇಡಿ. ಅವರು ಚಿತ್ರವನ್ನೂ ಒಯ್ಯುತ್ತಾರೆ, ಊಟಕ್ಕೂ ನಿಲ್ಲುತ್ತಾರೆ. ಅರ್ಧ ಆದದ್ದನ್ನು ಗಿರಾಕಿಗೆ ತೋರಿಸಬೇಡಿ. ಅವರು ತಲೆಯಾಡಿಸಿ ಕೇಳಿಕೊಂಡು ಹೋಗುತ್ತಾರೆ. ನನ್ನ ಅಂಗಡಿ ಉಳಿದದ್ದು ಒಂದು ಕಾಗೆಯಿಂದ ಎಂಬುದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ಹೇಳಿದರೆ ಎದ್ದು ಹೋಗುತ್ತಾರೆ.

ನಾನು ಜಗಳೂರಿನವನು. ಅಪ್ಪನಿಗೆ ಅಲ್ಲಿ ಕಿರಾಣಿ ಅಂಗಡಿ ಇತ್ತು. ನನಗೋ ಬೆಲ್ಲದ ಪೆಂಟೆ ಕಂಡರೂ ಅದರ ಮೇಲೆ ಬಿದ್ದ ನೆರಳನ್ನು ನೋಡುತ್ತ ಕೂರುವ ಚಟ. ಗಿರಾಕಿ ಕಾದು ಕಾದು ಪಕ್ಕದ ಅಂಗಡಿಗೆ ಹೋಗುತ್ತಿದ್ದ. ನಾಟಕದ ಕಂಪನಿಯೊಂದರಲ್ಲಿ ಪರದೆ ಬರೆಯುವವರ ಹಿಂದೆ ಕೆಲವು ಕಾಲ ಅಲೆದು, ಬಣ್ಣ ಕಲಸುವುದು ಬಂದ ಕೂಡಲೇ ಚಿತ್ರ ಬರೆಯುವುದೂ ಬಂತೆಂದುಕೊಂಡು, ಚನ್ನಗಿರಿಯಲ್ಲಿ ಅಂಗಡಿ ಇಡುತ್ತೇನೆಂದೆ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು ಇದು. ಅಪ್ಪ ಬೈಯಲಿಲ್ಲ. "ದೀಪಾವಳಿ ತನಕ ನೋಡ್ತೀನಿ. ನಿನ್ನ ಅಂಗಡಿ ನಿಂತ್ರೆ ಅಲ್ಲೇ ಇರು. ಇಲ್ಲಾಂದ್ರೆ ಬಾಯಿ ಮುಚ್ಕೊಂಡು ಬಂದು ತಕ್ಕಡಿ ಹಿಡಿ" ಎಂದ. ಆ ತಕ್ಕಡಿಯ ನೆನಪಾದರೆ ಸಾಕು, ನನಗೆ ಜೀವ ಹೋದಂತಾಗುತ್ತಿತ್ತು.

ನನ್ನ ಅಂಗಡಿ ಒಬ್ಬ ದರ್ಜಿಗೂ ಒಂದು ಮಂಡಕ್ಕಿ ಅಂಗಡಿಗೂ ನಡುವೆ ಇತ್ತು. ಅಂಗಡಿ ಎಂದರೆ ಒಂದು ಬಾಗಿಲು, ಅದರ ಹಿಂದೆಯೇ ಗೋಡೆ. ಒಳಗೆ ಎನ್ನುವುದೇ ಇರಲಿಲ್ಲ. ಬಾಗಿಲ ಮೇಲೆ ನಾನೇ ಬೋರ್ಡು ಬರೆದೆ. ಅಕ್ಷರಕ್ಕೆಲ್ಲ ಬಳ್ಳಿ ಸುತ್ತಿಸಿ, ಬಳ್ಳಿಗೆಲ್ಲ ಹೂ ಬಿಡಿಸಿದ್ದು ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಮೊದಲ ವಾರ ಬಂದವರೆಲ್ಲ ಮಲ್ಲಿಗೆ ಕೇಳಿಕೊಂಡು ಬಂದರು. ನ್ಯಾಮತಿಯ ಎಣ್ಣೆಗಾಣದವರೊಬ್ಬರು ಗಾಣದ ಎತ್ತಿನ ಬೋರ್ಡು ಬರೆಸಿದರು. ನಾನು ಎತ್ತನ್ನು ಎದುರಿಗೆ ನಿಲ್ಲಿಸಿಕೊಂಡು ಇದ್ದದ್ದು ಇದ್ದಂತೆ ಬರೆದೆ. ಅವರು ನೋಡಿ, "ಪಕ್ಕೆಲುಬೆಲ್ಲ ಕಾಣಂಗೆ ಬರ್ದೀಯಲ್ಲೋ ಮಾರಾಯ, ಮೇವು ಹಾಕಲ್ಲ ಅಂತ ಊರೇ ಅಂದ್ಕಂತದೆ" ಎಂದರು. ಎತ್ತಿಗೆ ಮೈ ಬರಿಸಲು ಮತ್ತೆ ನ್ಯಾಮತಿಗೆ ಹೋದೆ. ಹೊನ್ನಾಳಿಯ ಹೋಟೆಲಿನವರೊಬ್ಬರ ಗೋಡೆಯ ಮೇಲೆ ಬರೆದ ಇಡ್ಲಿ ನೋಡಿ ಜನ ಸುಣ್ಣದ ಗಡ್ಡೆ ಎಂದರಂತೆ. ಆ ಕಡೆ ನಾನು ಮತ್ತೆ ಹೋಗಲೇ ಇಲ್ಲ.

ಮಹಾನವಮಿ ಹತ್ತಿರ ಬರುವ ಹೊತ್ತಿಗೆ ನನಗೆ ಉಳಿದಿದ್ದ ಆಸರೆ ಒಬ್ಬರೇ: ಕತ್ತಲಗೆರೆ ಕಡೆಯ ಒಬ್ಬ ಗೌಡರು. ಮೀಸೆ ಇನ್ನೂ ಕಪ್ಪಗಿರುವಾಗಲೇ ತಮ್ಮದೊಂದು ದೊಡ್ಡ ಪಟ ಬರೆಸಬೇಕೆಂದು ಅವರಿಗೆ ಹುಕಿ ಬಂದಿತ್ತು. ಆಗ ನಮ್ಮ ಕಡೆ ಗೋಡೆಯ ಮೇಲೆ ಪಟವಾಗುತ್ತಿದ್ದವರು ದೇವರು, ಇಲ್ಲವೇ ತೀರಿಕೊಂಡ ಹಿರಿಯರು. ಬದುಕಿದ್ದವರು ಪಟ ಬರೆಸಿದರೆ ಆಯಸ್ಸು ಕಡಿಮೆಯೆಂದು ಮನೆಯ ಹೆಂಗಸರು ಹೆದರುತ್ತಿದ್ದರು. ಅದಕ್ಕೇ ಗೌಡರು ಮನೆಯಲ್ಲಿ ಬಾಯಿ ಬಿಡದೆ, ಸಂತೆಯ ನೆಪ ಹೇಳಿ ಬಂದು ನನ್ನೆದುರು ರುಮಾಲು ಕಟ್ಟಿಕೊಂಡು ಕೂರುತ್ತಿದ್ದರು. ಪಟ ಮೆಚ್ಚಿದರೆ ಸುತ್ತಲಿನ ಪಟೇಲರನ್ನೆಲ್ಲ ಕರೆತರುವುದಾಗಿ ಮಾತು ಕೊಟ್ಟಿದ್ದರು. ಮುಗಿಯುವ ತನಕ ನೋಡಕೂಡದೆಂದು ನಾನೂ ಕಟ್ಟುನಿಟ್ಟು ಮಾಡಿದ್ದೆ. ನೋಡಿದ್ದರೆ ಎಡಗಿವಿ ಬಲಗಿವಿಗಿಂತ ದೊಡ್ಡದಾಗಿರುವುದು ಅವರ ಕಣ್ಣಿಗೆ ಬೀಳುತ್ತಿತ್ತು.

ಆಯುಧಪೂಜೆಯ ಹೊತ್ತಿಗೆ ಪಟ ಮುಗಿದು, ಕಟ್ಟು ಹಾಕಿಸಿ, ಗಾಜು ಕೂರಿಸಿ ಆಗಿತ್ತು. ನನಗೆ ಸಡಗರವೋ ಸಡಗರ. ಕುಂಚಗಳನ್ನು ತೊಳೆದು ಸಾಲಾಗಿ ಇಟ್ಟೆ. ಬಣ್ಣದ ಡಬ್ಬಿಗಳಿಗೆ ವಿಭೂತಿ, ಏಣಿಗೆ ಕುಂಕುಮ, ಚಿತ್ರ ನಿಲ್ಲಿಸುವ ಮರದ ಕಾಲಿಗೂ ಕುಂಕುಮ ಹಚ್ಚಿದೆ. ಚೆಂಡುಹೂವಿನ ಹಾರ ಒಂದು ಉಳಿಯಿತು. ಅಂಗಡಿಯಲ್ಲಿ ಹಾರ ಹಾಕುವಷ್ಟು ದೊಡ್ಡದು ಬೇರೇನೂ ಇರಲಿಲ್ಲವಾಗಿ, ಅದನ್ನು ಗೌಡರ ಪಟಕ್ಕೆ ಹಾಕಿದೆ. ಗಾಜಿನ ಮೇಲೆ, ಸರಿಯಾಗಿ ಅವರ ಹಣೆಗೆ, ಕುಂಕುಮವನ್ನೂ ಇಟ್ಟೆ. ಮುಂದೆ ದೀಪ ಹಚ್ಚಿ, ಊದುಬತ್ತಿ ಸಿಕ್ಕಿಸಿ, ಕಾಯಿ ಒಡೆದೆ. ಆಮೇಲೆ ದೂರ ನಿಂತು ನೋಡಿದೆ. ಏನು ಕಳೆ ಬಂದಿತ್ತು ಅಂತೀರಿ!

ಪ್ರಸಾದದ ಮಂಡಕ್ಕಿ ತುಂಬಿದ ಮೊರ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಬಸ್ಸಿಳಿದು ಬಂದ ಒಂದು ಗಂಡಹೆಂಡತಿ ಜೋಡಿ ಗಂಟುಮೂಟೆ ಹಿಡಿದು ಎದುರಿಗೆ ನಿಂತಿತು. ಆಕೆ ನನ್ನ ಅಂಗಡಿಯ ಕಡೆ ನೋಡಿದವಳು ನೋಡುತ್ತಲೇ ನಿಂತಳು. ನನ್ನ ಚಿತ್ರಕ್ಕೆ ಮರುಳಾಗಿದ್ದಾಳೆಂದು ನಾನು ಉಬ್ಬಿಹೋದೆ. "ಬರ್ರಿ ಅಕ್ಕಾರೆ, ಪ್ರಸಾದ ತಗಳ್ರಿ" ಎಂದೆ. ಆಕೆ ಕೈಯಲ್ಲಿದ್ದ ಗಂಟು ಕೆಳಗೆ ಬಿಟ್ಟು, "ಅಯ್ಯೋ ನಮ್ಮಪ್ಪಾಜೀ" ಎಂದು ಅಲ್ಲೇ ಬೀದಿಯಲ್ಲಿ ಕುಸಿದು ಕೂತು ಎದೆ ಬಡಿದುಕೊಳ್ಳತೊಡಗಿದಳು. ಸವಳಂಗದ ಕಡೆಗೆ ಕೊಟ್ಟಿದ್ದ ಗೌಡರ ಮಗಳು ಆಕೆ, ಹಬ್ಬಕ್ಕೆ ತವರಿಗೆ ಹೊರಟಿದ್ದಳು. ಪಟದ ವಿಷಯ ಆಕೆಗೆ ಹೇಗೆ ಗೊತ್ತಿರಬೇಕು?

ನಾನು ಮೊರ ಹಿಡಿದುಕೊಂಡೇ ನಿಂತಿದ್ದೆ. ಜನ ಸೇರಿದರು. ಮಂಡಕ್ಕಿ ಅಂಗಡಿಯ ಮುದುಕಿ ಗೌಡರನ್ನು ಒಂದು ಸಲವೂ ಕಂಡವಳಲ್ಲ, ಆದರೂ ಸೆರಗು ಬಾಯಿಗಿಟ್ಟುಕೊಂಡು ದನಿಗೂಡಿಸಿದಳು. ಅಷ್ಟರಲ್ಲಿ ಮಗಳನ್ನು ಕರೆದೊಯ್ಯಲು ಗೌಡರೇ ಕಮಾನು ಗಾಡಿ ಹೊಡೆದುಕೊಂಡು ಬಂದರು. ಗುಂಪಿನ ಹಿಂದೆ ಗಾಡಿ ನಿಲ್ಲಿಸಿ, "ಯಾರು ತೀರ್ಕೊಂಡ್ರಪ್ಪ?" ಎಂದು ಕೇಳಿದರು.

ಮುಂದೆ ನಿಂತವನೊಬ್ಬ ತಿರುಗಿಯೂ ನೋಡದೆ, "ಕತ್ತಲಗೆರೆ ಕಡೆ ಗೌಡ್ರಂತ್ರಿ. ಪಾಪ, ಒಳ್ಳೇ ಮನುಷ್ಯ" ಎಂದ.

"ಏನಾಗಿತ್ತಂತೆ?"

"ಏನಾಗಾದು, ವಯಸ್ಸಾಗಿತ್ತು."

"ಯಾರಿಗಲೇ ವಯಸ್ಸಾಗಿತ್ತು?"

ಆ ಗುಡುಗು ಕೇಳಿ ತಿರುಗಿದವನು ಒಂದೇ ನೆಗೆತಕ್ಕೆ ದರ್ಜಿಯ ಕಟ್ಟೆ ಹತ್ತಿದ. ಮಗಳು ಓಡಿ ಹೋಗಿ ಅಪ್ಪನ ಕಾಲು ತಬ್ಬಿದಳು. ಅಲ್ಲಿಯವರೆಗೆ ಸುಮ್ಮನಿದ್ದ ಅಳಿಯ, ಮಾವ ಬದುಕಿರುವುದು ಖಾತ್ರಿಯಾದ ಮೇಲೆ ಅಳಲು ಶುರು ಮಾಡಿದ. ಯಾಕೆಂದು ನಾನು ಕೇಳಲಿಲ್ಲ.

ಗೌಡರು ಪಟದ ಮುಂದೆ ಬಂದು ನಿಂತರು. "ಏ ತಮ್ಮಾ, ನಿನಗೆ ತಲೆ ನೆಟ್ಟಗೈತಾ? ಉಸಿರಾಡೋ ಮನುಷ್ಯಂಗೆ ಹಾರ ಹಾಕ್ತಾರಾ?"

"ನಿಮಗಲ್ರಿ ಗೌಡ್ರೆ, ಆಯುಧಕ್ಕೆ ಹಾಕಿದ್ದು" ಎಂದೆ.

"ನಾನು ನಿನ್ನ ಆಯುಧನೇನೋ?" ಎಂದವರು ಗಾಡಿಯ ಕಡೆ ಹೊರಟು, ಮತ್ತೆ ನಿಂತು, "ಆ ಎಡಗಿವಿ ಯಾಕೋ ಮೊರದಷ್ಟು ಬರ್ದೀಯ?" ಎಂದು ಕೇಳಿಯೇ ಹೋದರು.

ಮುಗಿಯಿತು ಎಂದುಕೊಂಡೆ. ಹೂ ಬಿಟ್ಟ ಬೋರ್ಡನ್ನು ಕೆಳಗಿಳಿಸಿ, ಬಣ್ಣದ ಡಬ್ಬಿಗಳನ್ನು ಗೋಣಿಚೀಲಕ್ಕೆ ತುಂಬಿದೆ. ಜಗಳೂರಿನ ತಕ್ಕಡಿ ಕಣ್ಣಿಗೆ ಕಟ್ಟುತ್ತಿತ್ತು. ಚೀಲದ ಬಾಯಿ ಹೊಲಿಯುವಾಗ ನಿಜವಾಗಿಯೂ ಅಳು ಬಂತು.

ಅಪ್ಪ ಹೇಳಿದ ದೀಪಾವಳಿಯ ತನಕ ಹೇಗೋ ದಿನ ದೂಡುತ್ತಿರುವಾಗ ಅದೇ ಕಮಾನು ಗಾಡಿ ಬಂತು. ಈ ಸಲ ಗೌಡರ ಜೊತೆ ಅವರ ಹೆಂಡತಿಯೂ ಇದ್ದರು. ಹೊಡೆಯಲು ಬಂದರೆಂದು ನಾನು ಏಣಿಯ ಹಿಂದೆ ಸರಿದೆ. ಆ ತಾಯಿ ಹೋಳಿಗೆಯ ಗಂಟು ಬಿಚ್ಚಿ ನನ್ನ ಮುಂದಿಟ್ಟರು. "ಶ್ರಾವಣದಾಗೆ ಇವರ ತಲೆಗೆ ಕಾಗೆ ಕುಕ್ಕಿತ್ತಪ್ಪ. ಮಗಳಿಗೆ ಸುಳ್ಳು ಸುದ್ದಿ ಕಳ್ಸಾನ ಅಂತ ಬಡ್ಕೊಂಡೆ. ಜನ ನಗ್ತಾರೆ ಅಂತ ಇವರು ಬಿಡ್ಲಿಲ್ಲ. ನಾವು ಮಾಡ್ಬೇಕಾದ್ದು ನೀನು ಮಾಡ್ದೆ" ಎಂದರು. ಕಾಗೆ ತಲೆ ಮುಟ್ಟಿದರೆ ಸಾವಿನ ಸೂಚನೆ; ಮುಟ್ಟಿಸಿಕೊಂಡವನು ಸತ್ತನೆಂದು ದೂರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಿ, ಅವರು ನಿಜವೆಂದು ನಂಬಿ ಅತ್ತರೆ ಆ ಸಾವು ಬಂದು ಹೋದ ಹಾಗೆ. ನಮ್ಮ ಕಡೆಯ ನಂಬಿಕೆ ಅದು. ಮಗಳು ಪೇಟೆಯ ನಡುವೆ ಕೂತು ಅತ್ತಿದ್ದರಿಂದ ಗಂಡನ ಗಂಡಾಂತರ ಕಳೆಯಿತೆಂದು ಆ ತಾಯಿಗೆ ಸಂತೋಷವಾಗಿತ್ತು.

"ಆದ್ರೆ ಹಾರ ಕಂಡ ಪಟ ಇವರು ಇರೋ ತನಕ ನಮ್ಮ ಹೊಸ್ತಿಲು ದಾಟಂಗಿಲ್ಲ" ಎಂದರು.

ಗೌಡರು ಮೀಸೆ ಮೇಲೆ ಕೈಯಾಡಿಸಿದರು. "ಇಲ್ಲೇ ಇರ್ಲಿ ಬಿಡು. ನಾನು ಇರೋ ತನಕ ನೀನು ಅಂಗಡಿ ಮುಚ್ಚಂಗಿಲ್ಲ, ತಿಳೀತಾ? ನನ್ನ ಪಟ ಎಲ್ಲಿಗೋ ತಗಂಡೋಗಿ ಕುಂತ್ಕಂಡೀಯ."

ಮಾತಿನಂತೆ ಪಟೇಲರೂ ಬಂದರು, ಕಾಗೆ ಮುಟ್ಟಿಸಿಕೊಂಡವರೂ ಬಂದರು. ಪಟ ಬರೆದು, ಒಮ್ಮೆ ಹಾರ ಹಾಕಿ, ಮನೆಯವರು ನೋಡಿ ಅತ್ತ ಮೇಲೆ ತೆಗೆದುಬಿಡು ಎಂದು ಕೇಳಿದವರಿದ್ದಾರೆ. ಮೂಗು ಸೊಟ್ಟಗಾದರೂ ಯಾರೂ ತಕರಾರು ಎತ್ತಲಿಲ್ಲ, ಅತ್ತರೆ ಸಾಕಿತ್ತು. ದೀಪಾವಳಿಗೆ ನನ್ನನ್ನು ಕರೆದೊಯ್ಯಲು ಬಂದ ಅಪ್ಪ ಬಾಗಿಲಲ್ಲಿ ನಿಂತ ಜನರನ್ನು ನೋಡಿ, ಕಥೆಯನ್ನೆಲ್ಲ ಕೇಳಿ, "ನೀನು ಕೈ ನಂಬ್ಕೊಂಡು ಬದುಕ್ತಿಲ್ಲ ಬಿಡಪ್ಪ, ಕಾಗೆ ನಂಬ್ಕೊಂಡಿದೀಯ. ಅದಕ್ಕೆ ಒಂದು ತುತ್ತು ಅನ್ನ ಹಾಕು" ಎಂದು ಹೇಳಿ ಒಬ್ಬನೇ ಊರಿಗೆ ಹೋದ.

ಯುದ್ಧ ಬಂತು. ಸೀಮೆಯಿಂದ ಹಡಗಿನಲ್ಲಿ ಬರುತ್ತಿದ್ದ ಬಣ್ಣ ಸಿಗದೆ ಕೆಮ್ಮಣ್ಣು, ದೀಪದ ಮಸಿಯಲ್ಲೇ ಮುಖ ಬರೆದೆ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಹೊಗೆ ಉಗುಳುತ್ತ ಓಡಾಡಿದವು. ಗೌಡರು ಮಾತ್ರ ಸಂತೆಗೆ ಬಂದಾಗಲೆಲ್ಲ ತಮ್ಮ ಪಟದ ಎದುರು ಕೂತು, ಎಲೆಅಡಿಕೆ ಹಾಕಿಕೊಂಡು, ಎಡಗಿವಿ ನೋಡಿ ನನ್ನನ್ನು ಬೈಯುತ್ತಿದ್ದರು. ತಿದ್ದುತ್ತೇನೆಂದರೆ, "ತಿದ್ದಾಕೆ ಹೋಗಿ ಮೂಗು ಕೆಡಿಸ್ತೀಯ, ಸುಮ್ಕಿರು" ಎನ್ನುತ್ತಿದ್ದರು. ಅವರ ಮೀಸೆ ಬೆಳ್ಳಗಾಯಿತು, ಪಟದ್ದು ಕಪ್ಪಗೇ ಉಳಿಯಿತು.

ಯುದ್ಧ ಮುಗಿದ ಮೇಲೆ ಒಂದು ಬೆಳಿಗ್ಗೆ ಅವರ ಮಗಳು ಬಂದಳು. ಕೈಯಲ್ಲಿ ಚೆಂಡುಹೂವಿನ ಹಾರವಿತ್ತು. ಏನೂ ಕೇಳಬೇಕಾಗಿರಲಿಲ್ಲ. ಆಕೆ ಅಳುತ್ತಿರಲಿಲ್ಲ. "ಅವತ್ತೇ ಎಲ್ಲ ಅತ್ತು ಮುಗಿಸಿದೀನಿ ಅನ್ಸುತ್ತೆ ಅಣ್ಣಾರೆ, ಕಣ್ಣಾಗೆ ನೀರೇ ಬರವಲ್ದು. ಈ ಹಾರ ನೀವೇ ಹಾಕ್ರಿ, ಪಟ ಇನ್ನ ಮನೆಗೆ ತಗಂಡೋಗ್ತೀನಿ" ಎಂದಳು.

ಹಾಕಿದೆ. ಆಮೇಲೆ ಏನಾದರೂ ಮಾತಾಡಬೇಕಲ್ಲ ಎಂದು, "ಸಂಜೆ ತನಕ ಬಿಟ್ಟಿರ್ರಿ, ಆ ಕಿವಿ ಸರಿಮಾಡಿ ಕೊಡ್ತೀನಿ" ಎಂದೆ.

"ಬ್ಯಾಡ್ರಿ. ಸಂತೆಯಿಂದ ಬಂದಾಗೆಲ್ಲ ಮನೆಯಾಗೆ ಆ ಕಿವಿ ಮಾತೇ ಆಡೋರು. ಅದನ್ನ ತಿದ್ದಿದ್ರೆ ಅವರು ನಮ್ಮಪ್ಪಾಜಿ ಆಗಲ್ಲ."

ಪಟ ಕಟ್ಟಲು ಹುರಿ ತರುತ್ತೇನೆಂದು ಹೇಳಿ ಒಳಗೆ ಹೋಗಲು ತಿರುಗಿದೆ. ನನ್ನ ಅಂಗಡಿಗೆ ಒಳಗೆ ಎನ್ನುವುದೇ ಇರಲಿಲ್ಲ. ಗೋಡೆಗೆ ಮುಖ ಮಾಡಿ ನಿಂತುಕೊಂಡೇ ಅತ್ತೆ. ಆಕೆ ಹುರಿಗಾಗಿ ಕಾಯುತ್ತ ನಿಂತಿದ್ದಳು.