ಸುಣ್ಣದ ಡಬ್ಬಿಯ ಫೋಟೋ

ಹೋದ ವಾರ ಬಾಜೂ ಮನೆಯವರು ಬಾಗಿಲಿಗೆ ಎಣ್ಣೆಬಣ್ಣ ಹಚ್ಚಿಸುತ್ತಿದ್ದರು. ಮಧ್ಯಾಹ್ನ ಗಾಳಿ ಈ ಕಡೆ ತಿರುಗಿದಾಗ ಆ ವಾಸನೆ ನಮ್ಮ ಪಡಸಾಲೆಯ ತನಕ ಬಂತು. ಜೋಳ ಹಸನು ಮಾಡುತ್ತ ಕುಳಿತಿದ್ದ ನನ್ನ ಕೈ ನಿಂತೇ ಹೋಯಿತು. ರಾಮದುರ್ಗದ ಸ್ಟುಡಿಯೋ ಅಣ್ಣ ನೆನಪಾದರು. ಅವರು ಬಣ್ಣ ಹಚ್ಚುವವರಲ್ಲ, ಫೋಟೋ ತೆಗೆಯುವವರು. ಬಣ್ಣದ ವಾಸನೆಗೂ ಅವರಿಗೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ. ಎದುರು ಕುಳಿತು ಹೇಳು ಎಂದರೆ ನನಗೆ ಆಗುವುದಿಲ್ಲ, ಅದು ನಿಮಗೆ ಗೊತ್ತೇ ಇದೆ. ಅದಕ್ಕೆ ಬರೆಯುತ್ತಿದ್ದೇನೆ.

ಆಗ ನಿಮ್ಮಲ್ಲಿ ಯಾರೂ ಇನ್ನೂ ಹುಟ್ಟಿರಲಿಲ್ಲ. ನಿಮ್ಮ ಅಜ್ಜ ಹೋಗಿ ವರ್ಷವಾಗುತ್ತ ಬಂದಿತ್ತು. ವರ್ಷದ ಕಾರ್ಯಕ್ಕೆ ಫೋಟೋ ಇಟ್ಟು ಹಾರ ಹಾಕಬೇಕು, ಆಮೇಲೆ ಅದು ಗೋಡೆಗೆ ಹೋಗಬೇಕು. ಆದರೆ ಅವರದೊಂದೂ ಫೋಟೋ ಇರಲಿಲ್ಲ. ಮದುವೆಯದು ಗೆದ್ದಲಿನ ಪಾಲಾಗಿತ್ತು. ಬೇರೆಯವರ ಮದುವೆಗಳಲ್ಲಿ ಕ್ಯಾಮೆರಾ ಕಂಡ ಕೂಡಲೆ ಅವರು ಅಡುಗೆಯ ಒಲೆಗಳ ಕಡೆ ಹೋಗಿ ನಿಲ್ಲುತ್ತಿದ್ದರು. ಉಳಿದದ್ದು ಆಧಾರ ಕಾರ್ಡಿನಲ್ಲಿದ್ದ ಮುಖ ಒಂದೇ. ಅದನ್ನೇ ದೊಡ್ಡದು ಮಾಡಿಸೋಣ ಎಂದು ಮೈದುನ ಹೇಳಿದ. ಅವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ನಿಮ್ಮ ಸಣ್ಣಜ್ಜಿ, ಕಾರ್ಡು ಹಿಡಿದು ನೋಡಿ, "ಯಕ್ಕಾ, ಕಬ್ಬು ಕದ್ದು ಸಿಕ್ಕಾವರ ಗತೆ ಕಾಣತಾರಲ್ಲ ನಮ್ಮ ಭಾವಾ!" ಎಂದಳು. ಎಲ್ಲರೂ ನಕ್ಕರು. ನನಗೂ ನಗು ಬಂತು. ಆದರೆ ಮುಂದೆ ಹುಟ್ಟುವ ಮೊಮ್ಮಕ್ಕಳಿಗೆ ಅಜ್ಜ ಎಂದರೆ ಈ ಹೆದರಿದ ಮುಖ ಮಾತ್ರ ಆಗುತ್ತದಲ್ಲ ಎಂಬ ಸಂಕಟ ಅವತ್ತಿನಿಂದ ಬಿಡಲಿಲ್ಲ.

ನಿಮ್ಮ ಅಮ್ಮ ನನಗೊಂದು ಫೋನು ಕೊಡಿಸಿದ್ದಳು. ಅದರಲ್ಲಿ ಫೋಟೋ ತೆಗೆಯುವುದನ್ನು ಕಲಿಸಿಯೂ ಹೋಗಿದ್ದಳು. ಅವರ ಮುಖವಿಲ್ಲದಿದ್ದರೆ ಅವರ ಸಾಮಾನುಗಳಾದರೂ ಇವೆಯಲ್ಲ ಎಂದುಕೊಂಡೆ. ಎಲೆ ಅಡಿಕೆಯ ಬಟ್ಟೆಯ ಚೀಲ, ಅದಕ್ಕೆ ನಾವು ಚಂಚಿ ಅನ್ನುತ್ತೇವೆ. ಅಡಿಕೆ ಕತ್ತರಿಸುವ ಅಡಕೊತ್ತು. ಹಿತ್ತಾಳೆಯ ಸುಣ್ಣದ ಡಬ್ಬಿ. ಒಂದು ಕಡ್ಡಿಗೆ ದಾರ ಸುತ್ತಿದ ಚಸ್ಮಾ. ನಿಮ್ಮ ಮುತ್ತಜ್ಜಿ, ಅಂದರೆ ನನ್ನ ಅತ್ತೆ, ಕೇಳಿ ಸಿಟ್ಟಾದರು. "ಮಾರಿ ಇಲ್ಲದ ಫೋಟೋಕ್ಕ ಹಾರ ಹ್ಯಾಂಗ ಹಾಕೂದು? ಮಂದಿ ನಗೂದಿಲ್ಲೇನ?" ಎಂದರು. ನಾನು ಎದುರು ಮಾತಾಡಲಿಲ್ಲ. ಮಾತಾಡದೆ ತೆಗೆದೆ.

ಫೋಟೋಕ್ಕೆ ಎಂದ ಮೇಲೆ ಕೊಳೆ ಇರಬಾರದಲ್ಲ. ಚಂಚಿಯನ್ನು ಸೋಪು ಹಚ್ಚಿ ತಿಕ್ಕಿದೆ. ಡಬ್ಬಿಯನ್ನು ಹುಣಸೆಹುಳಿ ಹಾಕಿ ಬೆಳಗಿದೆ, ಬಂಗಾರದ ಹಾಗೆ ಹೊಳೆಯಿತು. ಒಗೆದ ಬಿಳಿ ಪಂಚೆ ಹಾಸಿ ಎಲ್ಲವನ್ನೂ ಸಾಲಾಗಿ ಇಟ್ಟು, ವಿಭೂತಿ ಹಚ್ಚಿ, ಒಂದೊಂದಕ್ಕೆ ಒಂದೊಂದು ಚೆಂಡುಹೂವು ಇಟ್ಟೆ. ಮೇಲಿನಿಂದ ಬಗ್ಗಿ ಫೋಟೋ ತೆಗೆದೆ. ನನಗೆ ಬಹಳ ಚಂದ ಕಂಡಿತು.

ನೆಗೆಣ್ಣಿಯನ್ನು ಜೊತೆ ಮಾಡಿಕೊಂಡು ರಾಮದುರ್ಗಕ್ಕೆ ಹೋದೆ. ಸ್ಟುಡಿಯೋ ಸಂತೆಗೆ ಹೋಗುವ ದಾರಿಯಲ್ಲಿತ್ತು. ಅಲ್ಲಿದ್ದವರು ವಯಸ್ಸಿನಲ್ಲಿ ನನಗಿಂತ ದೊಡ್ಡವರು, ತೆಳ್ಳಗಿನ ಆಳು, ಯಾವುದನ್ನು ನೋಡುವಾಗಲೂ ಚಸ್ಮಾವನ್ನು ಹಣೆಗೆ ಏರಿಸಿಕೊಳ್ಳುವವರು. ನನ್ನ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರು. ಚಂದ ಎನ್ನಲಿಲ್ಲ, ಚಂದ ಇಲ್ಲ ಎಂದೂ ಅನ್ನಲಿಲ್ಲ.

"ತಂಗೀ, ಇದ್ದಾಗ ಅವರ ಸುಣ್ಣದ ಡಬ್ಬಿಗೆ ಹೂವು ಏರಸತಿದ್ರೇನು?" ಎಂದು ಕೇಳಿದರು.

ನೆಗೆಣ್ಣಿ ಬಾಯಿ ಹಾಕಿದಳು. "ಇದ್ದಾಗ ಬರೇ ಬೈಗಳ ಏರಸತಿದ್ದಳ್ರಿ!"

ಪಾಸ್‌ಪೋರ್ಟ್ ಫೋಟೋಕ್ಕೆ ಕಾದು ಕುಳಿತಿದ್ದವರು ನಕ್ಕರು. ಸ್ಟುಡಿಯೋ ಅಣ್ಣ ನಗಲಿಲ್ಲ. ಡಬ್ಬಿಯ ಮೇಲೆ ಬೆರಳಿಟ್ಟು ತೋರಿಸಿದರು. ನಾನು ಅಷ್ಟು ಬೆಳಗಿದ್ದ ಹಿತ್ತಾಳೆಯಲ್ಲಿ ನನ್ನ ಸೆರಗು, ನನ್ನ ಕೈ, ಕೈಯೊಳಗಿನ ಫೋನು ಎಲ್ಲ ಮೂಡಿದ್ದವು. ಪಂಚೆಯ ಮೇಲೆ ನನ್ನ ತಲೆಯ ನೆರಳು ಬಿದ್ದಿತ್ತು.

"ಯಜಮಾನರಿಗಿಂತ ನೀವ ಜಾಸ್ತಿ ಅದೀರಿ ನೋಡ್ರಿ ಇದರಾಗ. ಸಾಮಾನನೂ ಸಾಲಿ ಹುಡುಗರ ಗತೆ ಸಾಲ ಹಚ್ಚಿ ಕುಂದರಿಸೀರಿ. ಹೋಗ್ಲಿ, ಅವರು ಯಾವ ಕೈಲೆ ಸುಣ್ಣಾ ಹಚ್ಚತಿದ್ರು?"

ಆ ಪ್ರಶ್ನೆಗೆ ನಾನು ಗಾಬರಿಯಾದೆ. ನಿಮ್ಮ ಅಜ್ಜ ಎಡಚರು. ಅದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸಣ್ಣವರಿದ್ದಾಗ ಎಡಗೈ ಮುಂದೆ ಮಾಡಬಾರದೆಂದು ಅತ್ತೆ ಆ ಕೈಗೆ ಅರಿವೆ ಕಟ್ಟಿ ಕೂರಿಸುತ್ತಿದ್ದರಂತೆ. ಊಟ, ಕೊಡುವುದು, ತೆಗೆದುಕೊಳ್ಳುವುದು ಎಲ್ಲ ಬಲಗೈಗೆ ಬಂದಿತ್ತು. ಎಲೆ ಅಡಿಕೆ ಮಾತ್ರ, ಒಬ್ಬರೇ ಕುಳಿತಾಗ, ಎಡಗೈಯಲ್ಲೇ…

"ಎಡಗೈಲೆ ರೀ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಹಂಗಾರ ಡಬ್ಬಿ ಬಲಕ್ಕ ಯಾಕ ಇಟ್ರಿ?"

ಒಳ್ಳೆಯದಕ್ಕೆ ಇಡುವುದನ್ನೆಲ್ಲ ನಾವು ಬಲಕ್ಕೇ ಇಡುತ್ತೇವೆ. ಕೈ ತಾನೇ ಹಾಗೆ ಇಟ್ಟಿತ್ತು.

"ಇದನ್ನ ನಾ ಹಾಕಿ ಕೊಡೂದಿಲ್ಲ ತಂಗೀ. ಇನ್ನೊಮ್ಮೆ ತಗೀರಿ. ಮ್ಯಾಲ ನಿಂತು ತಗೀಬ್ಯಾಡ್ರಿ, ಬೆಳಕು ಬಾಜೂಕಿಂದ ಬರ್ಲಿ" ಎಂದರು.

"ಎಲ್ಲಾ ತೊಳದಬಿಟ್ಟೇನಿ ಅಣ್ಣಾರ" ಎಂದೆ.

ಅವರು ಚಸ್ಮಾ ಇಳಿಸಿ ಮೊದಲ ಸಲ ನನ್ನ ಮುಖ ನೋಡಿದರು. "ತೊಳದದ್ದು ತಿರುಗಿ ಬರೂದಿಲ್ಲ. ತೊಳೀಲಾರದ್ದು ಏನರ ಉಳದಿರತೈತಿ ಮನ್ಯಾಗ. ಹುಡಕ್ರಿ."

ಬಸ್ಸಿನಲ್ಲಿ ಸೆರಗು ಬಾಯಿಗೆ ಹಿಡಿದುಕೊಂಡೇ ಕುಳಿತೆ. ನೆಗೆಣ್ಣಿ ದಾರಿಯುದ್ದಕ್ಕೂ ಅವರನ್ನು ಬೈದಳು. "ಏನ ದೊಡ್ಡ ಶಾಣ್ಯಾ ಅಂವ! ಹೂವು ಇಟ್ಟರ ಯಾಕ, ಬಿಟ್ಟರ ಯಾಕ? ಸುಮ್ನ ಆಧಾರ ಕಾರ್ಡಿಂದು ಮಾಡಸೂಣು ನಡಿ." ನಾನೂ ಇನ್ನು ಆ ಕಡೆ ಕಾಲಿಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ.

ಮನೆಗೆ ಬಂದರೆ ಬಾಗಿಲಲ್ಲೇ ಎಣ್ಣೆಬಣ್ಣದ ವಾಸನೆ. ಕಾರ್ಯಕ್ಕೆಂದು ಮೈದುನ ಬಣ್ಣದವರನ್ನು ಕರೆಸಿದ್ದ. ಚೌಕಟ್ಟುಗಳು ಹಸಿರಾಗಿದ್ದವು. ಪಡಸಾಲೆಯ ಕಟ್ಟೆಯ ಹತ್ತಿರದ ಕಂಬದ ಮುಂದೆ ಬಣ್ಣದವ ಕುಳಿತಿದ್ದ, ಕೈಯಲ್ಲಿ ಕೆರೆಯುವ ಉಳಿ. ನನ್ನನ್ನು ನೋಡಿ, "ಏನ ಸುಣ್ಣಾ ವರಸ್ಯಾರ್ರಿ ಯಕ್ಕಾರ ಈ ಕಂಬಕ್ಕ! ಕೆರದ ತಗೀಲಿಲ್ಲಂದ್ರ ಬಣ್ಣಾ ಹಿಡಿಯೂದಿಲ್ಲ" ಎಂದ.

ಆಗ ಕಂಡಿತು ನನಗೆ. ಎಲೆಗೆ ಸುಣ್ಣ ಹಚ್ಚಿದ ಮೇಲೆ ಬೆರಳಿಗೆ ಉಳಿದದ್ದನ್ನು ನಿಮ್ಮ ಅಜ್ಜ ಕಂಬಕ್ಕೆ ಒರೆಸುತ್ತಿದ್ದರು. ನಾನು ಬೈಯುತ್ತಿದ್ದೆ, ಅವರು ಮತ್ತೆ ಒರೆಸುತ್ತಿದ್ದರು. ಬಿಳಿ ಬಿಳಿ ಗೆರೆಗಳು, ಒಂದರ ಮೇಲೊಂದು, ಕುಳಿತವರ ಕೈ ಮುಟ್ಟುವಷ್ಟು ಎತ್ತರದಲ್ಲಿ, ಎಡಗಡೆಗೆ. ಅವರ ಬೆರಳಿನಷ್ಟೇ ಅಗಲ.

"ನಿಂದರ್ರಿ!" ಎಂದು ಕೂಗಿದೆ.

ಆ ಮನೆಯಲ್ಲಿ ನಾನು ಗಂಡಸರ ಎದುರು ಅಷ್ಟು ದೊಡ್ಡ ದನಿ ತೆಗೆದದ್ದು ಅದೇ ಮೊದಲು. ಒಳಗಿನಿಂದ ಅತ್ತೆ ಎದ್ದು ಬಂದರು. ಬಣ್ಣದವ ಉಳಿ ಹಿಡಿದುಕೊಂಡೇ, "ಒಂದ ಕಂಬ ಬಿಟ್ಟ ಹಚ್ಚೂದು ಎಲ್ಲ್ಯರ ಐತೇನ್ರಿ?" ಎಂದ. "ನಾಳೆ ಹಚ್ಚರಿ. ಇವತ್ತ ಮುಟ್ಟಬ್ಯಾಡ್ರಿ" ಎಂದೆ.

ಮರುದಿನ ಬೆಳಿಗ್ಗೆ, ತಲಬಾಗಿಲಿನಿಂದ ಬಿಸಿಲು ಓರೆಯಾಗಿ ಕಟ್ಟೆಗೆ ಬರುವ ಹೊತ್ತಿಗೆ, ಸಾಮಾನು ತಂದೆ. ಇಡಲು ಹೋದರೆ ಮತ್ತೆ ಸಾಲಾಗಿಯೇ ಬರುತ್ತಿತ್ತು. ಕೊನೆಗೆ ಬೇಸತ್ತು ಅವರು ಕೂರುತ್ತಿದ್ದ ಜಾಗದಲ್ಲಿ ನಾನೇ ಕುಳಿತೆ. ಎಡಗೈಯಿಂದ ಚಂಚಿಯ ದಾರ ಬಿಚ್ಚಿದೆ, ಬರಲಿಲ್ಲ, ಎಳೆದಾಡಿದೆ. ಎಡಗೈಯಿಂದ ಅಡಿಕೆ ಕತ್ತರಿಸಿದೆ, ಚೂರು ಹಾರಿ ಬಿದ್ದಿತು. ಡಬ್ಬಿ ತೆರೆದು ಎಲೆಗೆ ಸುಣ್ಣ ಹಚ್ಚಿದೆ. ಯಾವುದನ್ನೂ ಹೊಂದಿಸಲಿಲ್ಲ, ಕೈ ಎಲ್ಲಿ ಬಿಟ್ಟಿತೋ ಅಲ್ಲೇ ಬಿಟ್ಟೆ. ಆಮೇಲೆ ಎದ್ದು ಪಕ್ಕಕ್ಕೆ ಸರಿದು, ಕಂಬವೂ ಬರುವಂತೆ ಫೋಟೋ ತೆಗೆದೆ. ತೆಗೆಯುವಾಗ, ಅವರು ಈಗಷ್ಟೇ ನೀರು ಕುಡಿಯಲು ಒಳಗೆ ಹೋಗಿದ್ದಾರೇನೋ ಅನ್ನಿಸಿ… ಇರಲಿ.

ಕಾಲಿಡುವುದಿಲ್ಲ ಎಂದವಳು ಅವತ್ತೇ ಒಬ್ಬಳೇ ಬಸ್ಸು ಹತ್ತಿದೆ. ಸ್ಟುಡಿಯೋ ಅಣ್ಣ ಚಸ್ಮಾ ಏರಿಸಿ ಬಹಳ ಹೊತ್ತು ನೋಡಿದರು. ಮೆಚ್ಚುತ್ತಾರೆ ಎಂದು ಕಾದೆ. "ಕೈ ಜರಾ ಅಳ್ಳಾಡೇತಿ. ಮ್ಯಾಲಿನ ತೊಲಿ ಸುಮ್ಮನ ಬಂದೈತಿ, ಅದನ್ನ ಕತ್ತರಸತೇನಿ" ಎಂದರು. ಚಸ್ಮಾ ಇಳಿಸಿ, "ಇದನ್ನ ಹಾಕೂಣು. ಛಲೋ ಕುಂದ್ರತಿದ್ರು ನಿಮ್ಮ ಯಜಮಾನರು" ಎಂದರು. ಅವರು ನಿಮ್ಮ ಅಜ್ಜನನ್ನು ಒಮ್ಮೆಯೂ ಕಂಡವರಲ್ಲ.

ಕಾರ್ಯದ ದಿನ ಮಣೆಯ ಮೇಲೆ ಫೋಟೋ ಇಟ್ಟೆವು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಹಾರ ಹಿಡಿದು ಮುಂದೆ ಬಂದವರು ನಿಂತುಬಿಟ್ಟರು. ಹಾರ ಹಾಕದೆ ತಿರುಗುತ್ತಾರೆ ಎಂದುಕೊಂಡೆ. ಅವರು ಬಗ್ಗಿ ಕಂಬದ ಕಲೆಗಳನ್ನು ನೋಡಿದರು, ಡಬ್ಬಿ ಇದ್ದ ಕಡೆ ನೋಡಿದರು. "ಎಡಕ್ಕ ಇಟ್ಟೀಯಲ್ಲವಾ" ಎಂದರು. ನಾನು ಹೂಂ ಎಂದೆ. "ಆ ಕೈ ನಾ ಕಟ್ಟಬಾರದಿತ್ತು" ಎಂದು ಮೆಲ್ಲಗೆ ಅಂದು, ಹಾರವನ್ನು ತಾವೇ ಹಾಕಿದರು. ಹಿಂದಿನಿಂದ ನೆಗೆಣ್ಣಿ ಕಣ್ಣು ಒರೆಸಿಕೊಳ್ಳುತ್ತಲೇ, "ಹೋಗೂ ಮುಂದನೂ ಕಂಬಾ ಹೊಲಸ ಮಾಡೇ ಹೋಗ್ಯಾರ ನೋಡ ಭಾವಾ" ಎಂದಳು.

ನೀವು ರಜೆಗೆ ಬಂದಾಗ ನೋಡುವ ಗೋಡೆಯ ಫೋಟೋ ಅದೇ. ಕಂಬ ಆ ಸಂಜೆಯೇ ಹಸಿರಾಗಿತ್ತು, ನಿಮಗೆ ಗೊತ್ತಿರುವುದು ಹಸಿರು ಕಂಬವೇ.

ಆಮೇಲೆ ಸಂತೆಗೆ ಹೋದಾಗಲೆಲ್ಲ ಸ್ಟುಡಿಯೋ ಅಣ್ಣನಿಗೆ ನನ್ನ ಹೊಸ ಫೋಟೋ ತೋರಿಸುವುದು ರೂಢಿಯಾಯಿತು. ಉಳ್ಳಾಗಡ್ಡಿ, ಮೊರ, ಒಣಹಾಕಿದ ಮೆಣಸಿನಕಾಯಿ. ಪ್ರತಿ ಸಲವೂ ಏನಾದರೊಂದು ತಪ್ಪು ತೋರಿಸುತ್ತಿದ್ದರು. ಒಮ್ಮೆಯೂ ಪೂರ್ತಿ ಮೆಚ್ಚಲಿಲ್ಲ. ಮೊದಲು ಮುಖ ಸಣ್ಣದಾಗುತ್ತಿತ್ತು. ಬರಬರುತ್ತ, ಒಬ್ಬ ಮನುಷ್ಯ ನನ್ನ ಕೆಲಸವನ್ನು ಇಷ್ಟು ಹೊತ್ತು ನೋಡುತ್ತಾನಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಒಂದು ಬೇಸಿಗೆ ನಾನು ಬಹಳ ದಿನ ಹೋಗಿರಲಿಲ್ಲ. ಹೋದಾಗ ಬಾಗಿಲು ಮುಚ್ಚಿತ್ತು. ಅಣ್ಣ ತೀರಿಹೋಗಿ ತಿಂಗಳಾಯಿತು ಎಂದು ಬಾಜೂ ಅಂಗಡಿಯವರು ಹೇಳಿದರು. ಅವತ್ತೂ ಫೋನಿನಲ್ಲಿ ಹೊಸ ಫೋಟೋಗಳಿದ್ದವು…

ಈಗ ನಾನು ಏನು ತೆಗೆದು ಕಳಿಸಿದರೂ ನೀವು ಕೂಡಲೇ ಹೃದಯದ ಚಿತ್ರ ಕಳಿಸುತ್ತೀರಿ. ಪ್ರೀತಿಯಿಂದ ಕಳಿಸುತ್ತೀರಿ, ನನಗೆ ಗೊತ್ತು. ನಿನ್ನೆ ಮೊಸರಿನ ಗಡಿಗೆಯ ಫೋಟೋ ಕಳಿಸಿದೆನಲ್ಲ, ಎಲ್ಲರೂ ಚಂದ ಎಂದಿರಿ. ಚಂದ ಇಲ್ಲ, ಮಕ್ಕಳೇ. ಅದರಲ್ಲಿ ಏನೋ ಒಂದು ತಪ್ಪಿದೆ. ಬೆಳಿಗ್ಗೆಯಿಂದ ನೋಡುತ್ತಿದ್ದೇನೆ, ಏನೆಂದು ನನಗೆ ತಿಳಿಯುತ್ತಿಲ್ಲ.