ಹೆಡ್‌ಮಾಸ್ಟರರು ಸದನಕ್ಕೆ ಬಂದ ದಿನ

ಕುಂದಾಪುರದ ಹೋಟೆಲೊಂದರಲ್ಲಿ ಕೂತಿದ್ದೆ. ಪಕ್ಕದ ಮೇಜಿಗೆ ನಿಂಬೆ ಶರಬತ್ತು ಬಂತು. ಹಿಂಡಿದ ನಿಂಬೆಯ ವಾಸನೆ ಮೂಗಿಗೆ ತಾಗಿತು. ಗೋಡೆಯ ಟಿ.ವಿ.ಯಲ್ಲಿ ಲೋಕಸಭೆ. ಇಲಾಖೆಗಳ ಖರ್ಚಿನ ಬೇಡಿಕೆಗಳನ್ನು ಚರ್ಚೆಯಿಲ್ಲದೆ ಒಟ್ಟಿಗೆ ಮತಕ್ಕೆ ಹಾಕಿದ್ದರು. ‘ಹೌದು’ ಎಂಬ ಕೂಗೆದ್ದಿತು, ಮುಗಿಯಿತು. ನನಗೆ ಸಮಾಜ ಪಾಠದ ಟೀಚರು ನೆನಪಾದರು... ಅವರಾಗಿದ್ದರೆ ಇಡೀ ಸಭೆಯನ್ನೇ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಯಡ್ತರೆ ಕಡೆಯ ನಮ್ಮ ಶಾಲೆಯಲ್ಲಿ ಅವರು ಎಂಟನೇ ತರಗತಿಯನ್ನೇ ಲೋಕಸಭೆ ಮಾಡಿದ್ದರು. ವಾರ್ಷಿಕೋತ್ಸವದ ಮಕ್ಕಳ ಯಕ್ಷಗಾನಕ್ಕೆ ವೇಷದ ಬಾಡಿಗೆ ಕೊಡಲು ನಾವು ಒಂದು ಡಬ್ಬಿಯಲ್ಲಿ ಚಿಲ್ಲರೆ ಕೂಡಿಸುತ್ತಿದ್ದೆವು. ಆ ಡಬ್ಬಿಗೆ ಅವರಿಟ್ಟ ಹೆಸರು ದೇಶದ ಖಜಾನೆಯದ್ದೇ: ಸಂಚಿತ ನಿಧಿ. ಹಣಕಾಸು ಮಂತ್ರಿ ನಾನು. ಅರ್ಹತೆ ಒಂದೇ: ಮೋಡ ಕಂಡರೆ ಮನೆಯ ಮಾಡು ಹಾರುತ್ತದೆಂದು ಹೆದರುವವನು. “ಹೆದ್ರುವವ್ನ ಕೈಯಗೆ ದುಡ್ಡ್ ಭದ್ರ” ಎಂದಿದ್ದರು.

ಮೊದಲ ವಾರವೇ ಮೀನುಗಾರರ ಮನೆಯ ಹುಡುಗರು ಪಾಲು ಕೇಳಿದರು. ದೋಣಿ ದಡಕ್ಕೆ ಬಂದೊಡನೆ ಮೀನು ಪಾಲಾಗುವುದು ಅವರು ಕಂಡ ಕ್ರಮ. ಟೀಚರು ನಕ್ಕು, “ದೇಶದ ದುಡ್ಡ್ ಹಾಂಗಲ್ಲ ಮಕ್ಳೇ. ಎಲ್ಲ ಒಂದೇ ಬುಟ್ಟಿಗ್ ಬೀಳ್ಕ್. ಸದನ ಹೂಂ ಅನ್ದೆ ಪ್ರಧಾನಿಯೂ ಒಂದ್ ಬಂಗ್ಡಿ ಮೀನೂ ಮುಟ್ಟುಕಾತಿಲ್ಲೆ” ಎಂದರು.

ಒಂದು ದಿನ ಹೆಡ್‌ಮಾಸ್ಟರರು ನನ್ನನ್ನು ಕರೆಸಿದರು. ಮರುದಿನ ಮೇಲಧಿಕಾರಿ ಬರುವವರಿದ್ದರು. “ಆ ಡಬ್ಬಿ ತಕಂಡ್ ಬಾ. ಶಾಲು, ಹಾರ, ಶರಬತ್ತು ಎಲ್ಲ ಆಯ್ಕ್.”

ಕೊಟ್ಟರೆ ವೇಷವಿಲ್ಲ, ಕೊಡದಿದ್ದರೆ ನಾನಿಲ್ಲ. “ಸ... ಸದನದ ಒಪ್ಗಿ ಬೇಕ್ ಸರ್” ಎಂದೆ. ಯಾರು ಹಾಗೆಂದದ್ದು ಎಂದು ನಾನೇ ಹಿಂದೆ ತಿರುಗಿ ನೋಡಿದೆ.

ಬೆತ್ತ ಮೇಜಿನ ಮೇಲೆ ಸದ್ದು ಮಾಡಿತು. ಆ ಸದ್ದಿಗೆ ಪಕ್ಕದ ಕೋಣೆಯಿಂದ ಟೀಚರು ಬಂದರು. ಇನ್ನೂ ಕಾಯಂ ಆಗದ ನೌಕರಿ ಅವರದು. ನನ್ನನ್ನು ಗದರಿಸಿ ಡಬ್ಬಿ ಕೊಡಿಸಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರು ನನ್ನ ಪಕ್ಕ ನಿಂತು, “ಅವ ಹೇಳದ್ದ್ ಸರಿ ಸರ್. ನೀವೇ ಸದನಕ್ಕೆ ಬಂದ್ ಕೇಣಿ” ಎಂದರು.

ಹೆಡ್‌ಮಾಸ್ಟರರು ಬಂದರು, ಕೋಪದಲ್ಲೇ. ಬೇಡಿಕೆ ಮಂಡಿಸಿದರು. ಆಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. “ಸರ್, ಶಾಲು ಎಂತಕೆ? ನಮ್ಮೂರಗೆ ಚಳಿಯೇ ಇಲ್ಯಲೆ! ಅವ್ರ್ ಬೆವ್ತ್ ಸಾಯ್ತ್ರ್.”

ತರಗತಿ ಬಿದ್ದು ಬಿದ್ದು ನಕ್ಕಿತು. ದೋಣಿ ಮನೆಯ ಹುಡುಗನೊಬ್ಬನಿಗೆ ಹುರುಪು ಬಂದು, “ಅಂಜಲ್ ಫ್ರೈಯೂ ಸೇರ್ಸುವ ಟೀಚರೇ” ಎಂದ.

“ಕೂಕೋ ಮಾರಾಯಾ. ಸರ್ಕಾರ ಕೇಂಡದ್ದನ್ನ್ ಸದನ ಕಡ್ಮಿ ಮಾಡ್ಲಕ್ಕ್, ಬೇಡ ಅನ್ಲಕ್ಕ್. ಜಾಸ್ತಿ ಮಾಡುಕಾತಿಲ್ಲೆ” ಎಂದ ಟೀಚರು, ಕೈ ಎತ್ತಿಸಿದರು. ಶರಬತ್ತು ಪಾಸಾಯಿತು, ಶಾಲು, ಹಾರ ಬಿದ್ದುಹೋದವು. ಹೆಡ್‌ಮಾಸ್ಟರರಿಗೂ ಹೇಗೋ ನಗು ಬಂದಿತ್ತು. “ಅಡ್ಡಿಲ್ಲೆ” ಎಂದು ಹೊರಟರು. ವೇಷ ಉಳಿಯಿತು.

ಟೀಚರು ಆಮೇಲೆ ನನಗೆ ಹೇಳಿದ್ದಿಷ್ಟೇ: “ಹೆದ್ರಿಕಿ ಇರ್ಲಿ. ಪ್ರಶ್ನೆ ಕೇಂಬುದ್ ಬಿಡ್ಬೇಡ.”

ಹೆದರಿಕೆ ಹಾಗೇ ಇದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ತೆಕ್ಕಟ್ಟೆಯವರೆಗೆ ಬಂದು ಬ್ರಹ್ಮಾವರದ ಮನೆಗೆ ವಾಪಸಾಗುವವನು ನಾನು. ಆದರೆ ನಮ್ಮ ಬಡಾವಣೆ ಸಂಘದ ಸಭೆಯಲ್ಲಿ ‘ಈ ಖರ್ಚಿಗೆ ಒಪ್ಪಿಗೆ ಕೊಟ್ಟವರು ಯಾರು?’ ಎಂದು ಏಳುವವನೂ ನಾನೇ. ಹೆಂಡತಿ ಅಂಗಿ ಜಗ್ಗಿ ಕೂರಿಸಲು ನೋಡುತ್ತಾಳೆ. ಆ ಕಿಂಚಿತ್ ಧೈರ್ಯ ನನ್ನ ಸ್ವಂತದ್ದಲ್ಲ, ಟೀಚರು ಕೊಟ್ಟದ್ದು.

ಅದನ್ನು ಅವರಿಗೆ ಹೇಳಬೇಕೆಂದು ಎಷ್ಟೋ ವರ್ಷ ಅಂದುಕೊಂಡೆ. ಅವರಿಗೆ ನನ್ನ ಗುರುತು ಸಿಗದಿದ್ದರೆ? ಅದೂ ಒಂದು ಹೆದರಿಕೆ... ಆ ದಿನ ಮಾತ್ರ ಹೋಟೆಲಿನಿಂದ ನೇರ ಶಿರೂರಿನ ಅವರ ಮನೆಗೆ ಹೋದೆ. ಬಾಗಿಲು ತೆರೆದವರು ಅವರ ತಮ್ಮ. ಅಕ್ಕ ಕಳೆದ ಮಳೆಗಾಲದಲ್ಲಿ ತೀರಿಕೊಂಡರಂತೆ...

“ನೀವ್ ಯಾರಂದೇಳಿ ಗೊತ್ತಾಯ್ಲಿಲ್ಲ” ಎಂದರು.

“ಅವ್ರ್ ಕ್ಲಾಸಗೆ ಹಣಕಾಸು ಮಂತ್ರಿ ಆಗಿದ್ದೆ” ಎಂದೆ, ನಾಚಿಕೊಂಡು.

“ಓ, ನಡುಗ್ತಾ ನಡುಗ್ತಾ ಹೆಡ್‌ಮಾಷ್ಟ್ರಿಗೆ ಎದ್ರ್ ಹೇಳದ್ದ್ ನೀವಾ! ಅಕ್ಕ ಬಂದವ್ರಿಗೆಲ್ಲ ಹೇಳ್ತಿದ್ಲ್. ಒಂದ್ಸಲ ಆದ್ರೂ ಬಪ್ಪುದಲ್ದಾ ಹ್ವಾಯ್?”

ನನ್ನ ಹೆದರಿಕೆಗಳು ಸಾಮಾನ್ಯವಾಗಿ ನನ್ನೊಬ್ಬನನ್ನೇ ಸತಾಯಿಸುತ್ತವೆ. ಇದೊಂದು ಮಾತ್ರ ಟೀಚರಿಗೆ ಸಲ್ಲಬೇಕಾದದ್ದನ್ನು ನುಂಗಿತು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಹೇಳಬೇಕಾಗಿದ್ದ ಮಾತನ್ನು ತಮ್ಮನಿಗೇ ಹೇಳಿ ಬಂದೆ.